ಬೇಲಿಗಿಂತ ಮೊದಲು ಕಲ್ಲು ಬರ್ತದೆ



ಇವತ್ತು ಒಂದು ಆಟದ ಬಗ್ಗೆ ಬರೀತೇನೆ. ನಗಬೇಡಿ, ಕೊನೆಗೆ ನಮ್ಮ ಜಾಗದ ವಿಷಯಕ್ಕೇ ಬರ್ತೇನೆ.

ಮಣಿಪಾಲದ ಒಂದು ಬಾಡಿಗೆ ರೂಮಲ್ಲಿ ಭಾನುವಾರ ಸಂಜೆ ನಾವು ಐದು ಜನ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡ್ತೇವೆ. 1974ರಲ್ಲಿ ಅಮೆರಿಕದಲ್ಲಿ ಬಂದ ಆಟ. ಒಬ್ಬರು ಕತೆ ನಡೆಸುವುದು, ಉಳಿದವರು ಒಂದೊಂದು ಪಾತ್ರ ಹಿಡಿದು ಏನು ಮಾಡ್ತೇವೆ ಅಂತ ಹೇಳುವುದು. ಕೆಲಸ ಆಯ್ತಾ ಇಲ್ವಾ ಅಂತ ದಾಳ ಹೇಳ್ತದೆ. ಕತೆ ನಡೆಸುವವ ನಾನು. ಅರಮನೆಯ ಕತೆ ನಮಗೆ ಬೇಡ ಅಂತ, ಕಾಪುವಿನ ಹಾಗೆ ದೀಪಸ್ತಂಭ, ಕಾರ್ಕಳದ ಹಾಗೆ ಕರಿಬಂಡೆ ಇರುವ ಒಂದು ಊರು ಕಟ್ಟಿದೆ.

ಎದುರಿಗೆ ಕಾಣುವ ಕತೆ ಕಡಲ್ಗಳ್ಳರದ್ದು. ಹಿಂದೆ ನಡೆಯುವ ಕತೆ ಬೇರೆ: ಕೇರಿಯ ಜಾಗವನ್ನು ಊರ ಧಣಿ ಕಾಗದದಲ್ಲಿ ತನ್ನದು ಮಾಡಿಕೊಳ್ಳುವುದು. ಹಿಂದಿನ ಕತೆಯ ಓಟ ಲೆಕ್ಕ ಇಡ್ಲಿಕ್ಕೆ ‘ಬ್ಲೇಡ್ಸ್ ಇನ್ ದ ಡಾರ್ಕ್’ ಎಂಬ ಇನ್ನೊಂದು ಆಟದ ಉಪಾಯ ಉಂಟು. ಹಾಳೆಯಲ್ಲಿ ಒಂದು ವೃತ್ತ, ಅದರಲ್ಲಿ 6 ಭಾಗ. ಧಣಿ ಒಂದು ಹೆಜ್ಜೆ ಮುಂದೆ ಹೋದರೆ ಒಂದು ಭಾಗಕ್ಕೆ ಬಣ್ಣ. ಆರೂ ತುಂಬಿದರೆ ಜಾಗ ಹೋಯ್ತು. ನಾನು ಆ ಹಾಳೆಯನ್ನು ಪುಸ್ತಕದ ಅಡಿಯಲ್ಲಿ ಅಡಗಿಸಿಟ್ಟೆ.

ಆರನೇ ಭಾನುವಾರ ಇವರು ಕಳ್ಳರನ್ನು ಗೆದ್ದು ಊರಿಗೆ ಬಂದರು. “ಕೇರಿಗೆ ಬೇಲಿ ಬಿದ್ದಿದೆ, ಬಾವಿ ಬೇಲಿಯ ಒಳಗೆ” ಅಂದೆ. ಕಾರ್ಕಳದಿಂದ ಬಸ್ಸಲ್ಲಿ ಬರುವ ಹುಡುಗ ದಾಳ ಎಸೆದ. “ಇದು ಆಟ ಅಲ್ಲ ಅಣ್ಣ, ಮೋಸ.”

“ನಿಜದಲ್ಲೂ ಹೀಗೇ ಅಲ್ವಾ?” ಅಂದೆ.

ಕಾಪುವಿನ ಹುಡುಗಿ ಮೆಲ್ಲ ಹೇಳಿದ್ಳು: “ಇಲ್ಲ ಅಣ್ಣ. ನಮ್ಮಲ್ಲಿ ಮೊದಲು ಸರ್ವೆ ಕಲ್ಲು ಬಂತು. ಮತ್ತೆ ಗೇರು ಗಿಡ ನೆಟ್ರು. ದಾರಿಗೆ ಗೇಟು ಬಂತು. ನಾವು ನೋಡಿಯೂ ಕೇಳ್ಲಿಲ್ಲ, ಅದು ನಮ್ಮ ತಪ್ಪು. ನೀವು ಕಲ್ಲನ್ನೇ ತೋರಿಸ್ಲಿಲ್ಲ.”

ನನಗೆ ಉತ್ತರ ಇರಲಿಲ್ಲ. ಕತೆಯನ್ನು ಮೂರು ವಾರ ಹಿಂದಕ್ಕೆ ತೆಗೆದುಕೊಂಡು ಹೋದೆವು. ಈಗ ನನ್ನ ನಿಯಮ ಇಷ್ಟೆ: ಒಂದು ವಾರಕ್ಕೆ ಒಂದೇ ಭಾಗ ತುಂಬಬೇಕು. ತುಂಬಿದ ಪ್ರತಿ ಭಾಗಕ್ಕೂ ಅವರ ಕಣ್ಣಿಗೆ ಬೀಳುವ ಒಂದು ಗುರುತು ಇರಬೇಕು. ಭಾಷಣ ಬೇಡ. “ದಾರಿಯಲ್ಲಿ ಗೇಟು ಹಾಕಿದ್ದಾರೆ, ಸುತ್ತಿ ಬಂದೆ” ಅಂತ ಮೀನು ಮಾರುವ ಅಕ್ಕ ಹೇಳಿದರೆ ಸಾಕು. ಅವರು ಎದ್ದು ಹೋಗಿ ಕೇಳಿದರೆ ಬಣ್ಣ ಅಳಿಸಬೇಕು. ಅಳಿಸಲು ಆಗದ ವೃತ್ತ ಇಟ್ಟುಕೊಂಡು ಆಡಿಸುವವ ಧಣಿಯ ಗುಮಾಸ್ತ.

ಈಗ ಜಾಗದ ವಿಷಯ. ಬ್ರಿಟಿಷರ ಕಾಲದಲ್ಲಿ ನಮ್ಮವರಿಗೆಂದೇ ಮೀಸಲಿಟ್ಟ ಡಿ.ಸಿ. ಮನ್ನಾ ಭೂಮಿ ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಉಂಟು. ಇಲ್ಲಿ ಡಿ.ಸಿ. ಅಂದ್ರೆ ಡಿಪ್ರೆಸ್ಡ್ ಕ್ಲಾಸ್, ಜಿಲ್ಲಾಧಿಕಾರಿ ಅಲ್ಲ. ಅದರಲ್ಲಿ ಎಷ್ಟೋ ಜಾಗ ಬೇರೆಯವರ ಕೈಯಲ್ಲಿದೆ. ಒಂದೇ ರಾತ್ರಿಯಲ್ಲಿ ಹೋದದ್ದಲ್ಲ. ನಾವು ಎದುರಿಗೆ ಕಂಡ ಜಗಳಕ್ಕೆ ಓಡುವಾಗ ಹಿಂದೆ ಒಂದೊಂದೇ ಭಾಗ ತುಂಬಿತು. ಬೇಲಿ ಬಿದ್ದ ಮೇಲೆ ಧರಣಿ ಕೂತೆವು. ಕಲ್ಲು ಬಿದ್ದ ದಿನ ಯಾರೂ ಹೋಗಲಿಲ್ಲ, ನಾನೂ ಹೋಗಲಿಲ್ಲ.

ಕಳೆದ ಮೀಟಿಂಗಲ್ಲಿ ಆ ಹುಡುಗಿಯ ಕಾಲೋನಿಯ ಹೆಸರು ಬರೆದು ಚಾರ್ಟಲ್ಲಿ ವೃತ್ತ ಎಳೆದೆವು. ಈ ಸಲ ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ಅಂಟಿಸಿದೆವು. ಮೂರು ಭಾಗ ತುಂಬಿದೆ.

ನಿಮ್ಮ ಕಾಲೋನಿಯ ಸರ್ವೆ ನಂಬರ್ ಹಿಡಿದು ಈ ವಾರ ಪಹಣಿ ತೆಗೀರಿ. 9ನೇ ಕಾಲಂನಲ್ಲಿ ಯಾರ ಹೆಸರುಂಟು ನೋಡಿ, ನಿಮ್ಮ ಹತ್ತಿರದ ಸಂಘಟನೆಯವರಿಗೆ ತಿಳಿಸಿ.