ಎರಡನೇ ಸಲದ ಆರ್ಗ್ಯಾನಿಕ್

ನಮ್ಮ ಕಾಲೇಜಲ್ಲಿ ಒಂದು ಸಬ್ಜೆಕ್ಟ್ ಪಾಸಾಯ್ತು ಅಂದ್ರೆ ಅದರ ನೋಟ್ಸ್ ಜೂನಿಯರ್‌ಗಳ ಪಾಲಾಯ್ತು ಅಂತಲೇ ಲೆಕ್ಕ. ಮತ್ತೆ ಅದೇ ಪುಸ್ತಕ ತೆಗೆಯೋದು ಬ್ಯಾಕ್‌ಲಾಗ್ ಇರೋರು ಮಾತ್ರ. ಹಾಗಾಗಿ ಅಮೆರಿಕದಲ್ಲಿರೋ ನನ್ನ ದೊಡ್ಡಪ್ಪನ ಮಗಳು ಡಿಗ್ರಿ ಮುಗಿಸಿ ಎರಡು ವರ್ಷ ಆದಮೇಲೆ, ಪಾಸಾಗಿರೋ ಸಬ್ಜೆಕ್ಟಿಗೆ ದುಡ್ಡು ಕಟ್ಟಿ ಮತ್ತೆ ಕ್ಲಾಸಿಗೆ ಹೋಗ್ತಿದ್ದಾಳೆ ಅನ್ನೋ ಸುದ್ದಿ ಬಂದಾಗ ಮನೆಯಲ್ಲಿ ಎಲ್ಲರಿಗೂ ಒಂದೇ ಅನುಮಾನ. ಉಳಿದವರು ಸುತ್ತಿ ಬಳಸಿ ಕೇಳಿದರು. ಅಜ್ಜಿ ಮಾತ್ರ ನೇರವಾಗಿ, "ಫೇಲಾಗಿದ್ಳಾ?" ಅಂದರು.

ಫೇಲಾಗಿರಲಿಲ್ಲ. ಅಕ್ಕ ಇರೋದು ಟೆಕ್ಸಾಸಿನ ಡಲ್ಲಾಸ್ ಹತ್ತಿರ. 2023ರಲ್ಲಿ ಬಯಾಲಜಿ ಡಿಗ್ರಿ ಮುಗಿಸಿ, ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿ ಟೆಕ್ನಿಷಿಯನ್ ಆಗಿ ಸೇರಿದಳು. ಅಲ್ಲಿ ಕೆಲಸ ಮಾಡ್ತಾ ಮಾಡ್ತಾ ತಾನೇ ಫಾರ್ಮಸಿಸ್ಟ್ ಆಗಬೇಕು ಅನ್ನಿಸಿದೆ. ನಮ್ಮಲ್ಲಾದರೆ ಪಿಯುಸಿ ಆದ ತಕ್ಷಣ ಬಿ.ಫಾರ್ಮಾಗೋ, ಆರು ವರ್ಷದ ಫಾರ್ಮ್.ಡಿಗೋ ಸೇರಬಹುದು. ಅಲ್ಲಿ ಹೆಚ್ಚಿನವರು ಮೊದಲು ಕಾಲೇಜಿನಲ್ಲಿ ಕೆಲವು ಕೋರ್ಸುಗಳನ್ನ ಮುಗಿಸಿಕೊಂಡು, ಆಮೇಲೆ ನಾಲ್ಕು ವರ್ಷದ ಫಾರ್ಮ್.ಡಿಗೆ ಅರ್ಜಿ ಹಾಕಬೇಕು. ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಅನಾಟಮಿ, ಮೈಕ್ರೊಬಯಾಲಜಿ, ಸ್ಟ್ಯಾಟಿಸ್ಟಿಕ್ಸ್, ಕೆಲವು ಕಡೆ ಭಾಷಣ ಕಲೆ ಕೂಡ. ಇವನ್ನ ಪ್ರಿರಿಕ್ವಿಸಿಟ್ ಅಂತಾರೆ. ಪಾಸಾದರೆ ಸಾಲದು, ಸಾಮಾನ್ಯವಾಗಿ ಸಿ ಗ್ರೇಡ್ ಆದರೂ ಇರಬೇಕು. ಕೆಲವು ಕಾಲೇಜುಗಳು ತುಂಬಾ ವರ್ಷ ಹಳೆಯದಾದ ಸೈನ್ಸ್ ಕೋರ್ಸನ್ನ ಒಪ್ಪೋದೇ ಇಲ್ಲ.

ಅಕ್ಕನಿಗೆ ಆರ್ಗ್ಯಾನಿಕ್ ಒಂದರಲ್ಲಿ ಸಿ, ಎರಡರಲ್ಲಿ ಡಿ. ಅವಳು ಅದನ್ನ ಓದಿದ್ದು 2020-21ರಲ್ಲಿ. ಲ್ಯಾಬ್ ಅಂದರೆ ಯಾರೋ ಡಿಸ್ಟಿಲೇಶನ್ ಮಾಡೋ ವಿಡಿಯೋ ನೋಡಿ, ಅವರು ಕೊಟ್ಟ ರೀಡಿಂಗ್ ತುಂಬಿ ರಿಪೋರ್ಟ್ ಬರೆಯೋದು. ಆ ವರ್ಷ ಒಂಬತ್ತನೇ ಕ್ಲಾಸನ್ನ ಅಪ್ಪನ ಫೋನಿನಲ್ಲಿ ಮುಗಿಸಿದ ನನಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಡಿ ಬಂದಿದ್ದನ್ನ ಮತ್ತೆ ತಗೊಳ್ಳಲೇಬೇಕಿತ್ತು, ಅದು ಸರಿ. ಆದರೆ ಅಕ್ಕ ಸಿ ಬಂದಿದ್ದನ್ನೂ ಮತ್ತೆ ತಗೊಂಡಳು. ದೊಡ್ಡಪ್ಪನಿಗೆ ಸಿಟ್ಟು ಬಂದಿದ್ದು ಅದಕ್ಕೆ. "ರೂಲ್ ಪ್ರಕಾರ ಸಿ ನಡೆಯುತ್ತೆ. ಯಾರೂ ಕೇಳದೇ ಇರೋದಕ್ಕೆ ಒಂದು ಸೆಮಿಸ್ಟರ್ ಯಾಕೆ ಹಾಳು ಮಾಡ್ತೀಯಾ?" ಅಂದರಂತೆ. ಅಪ್ಪನೂ ಅಣ್ಣನ ಪರವೇ. ನಾನು ಕೂಡ ಮೊದಲು ಅಂದುಕೊಂಡಿದ್ದು, ಜಿಪಿಎ ಏರಿಸೋಕೆ ಇರಬೇಕು ಅಂತ.

ಹಾಗಾಗಿ ಕೂತು ಲೆಕ್ಕ ಹಾಕಿದೆ. ಅವಳದು 120 ಕ್ರೆಡಿಟ್, ಜಿಪಿಎ 2.9. ಅಂದರೆ 348 ಪಾಯಿಂಟ್. ಎರಡೂ ಆರ್ಗ್ಯಾನಿಕ್ ಸೇರಿ 8 ಕ್ರೆಡಿಟ್. ಎರಡರಲ್ಲೂ ಎ ಬಂದರೆ 32 ಪಾಯಿಂಟ್ ಸೇರುತ್ತೆ. ಹಳೇ ಗ್ರೇಡ್ ಅಳಿಸಿ ಹೊಸದನ್ನ ಕೂರಿಸಿದರೆ 3.07 ಆಗುತ್ತೆ, ಮೂರು ದಾಟಿದ ಹಾಗೆ. ಆದರೆ ಅಲ್ಲಿ ಹಳೇದು ಅಳಿಸಿ ಹೋಗಲ್ಲ. ಫಾರ್ಮಸಿ ಕಾಲೇಜುಗಳಿಗೆ ಅರ್ಜಿ ಹೋಗೋದು ಫಾರ್ಮ್‌ಕ್ಯಾಸ್ ಅನ್ನೋ ಒಂದೇ ವ್ಯವಸ್ಥೆಯ ಮೂಲಕ. ಓದಿದ ಪ್ರತಿಯೊಂದು ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ಅದಕ್ಕೆ ಹೋಗಬೇಕು. ಎರಡು ಸಲ ತಗೊಂಡ ಕೋರ್ಸಿದ್ದರೆ ಎರಡರ ಮುಂದೆಯೂ 'ರಿಪೀಟೆಡ್' ಅಂತ ಗುರುತು ಹಾಕಬೇಕು, ಲೆಕ್ಕದಲ್ಲಿ ಎರಡೂ ಗ್ರೇಡ್ ಸೇರುತ್ತೆ. ಆಗ 380 ಭಾಗಿಸು 128, ಅಂದರೆ 2.97. ಒಂದು ವರ್ಷದ ದುಡಿಮೆಗೆ 0.07.

ನಾವು 2024ರಲ್ಲಿ ಸೆಕೆಂಡ್ ಪಿಯುಸಿ ಬರೆದವರು, ಮೂರು ಪರೀಕ್ಷೆ ಪದ್ಧತಿಯ ಮೊದಲ ಬ್ಯಾಚು. ನಮಗೆ ಯಾವುದರಲ್ಲಿ ಹೆಚ್ಚು ಬಂತೋ ಅದೇ ಅಂಕ. ಕಡಿಮೆ ಬಂದಿದ್ದನ್ನ ಯಾರೂ ಕೇಳಲ್ಲ. ಅದಕ್ಕೇ ಇರಬೇಕು, ಅಕ್ಕನ ಲೆಕ್ಕ ನನಗೆ ಅನ್ಯಾಯ ಅನ್ನಿಸಿತು. "ಇಷ್ಟಕ್ಕೆ ಯಾಕಕ್ಕಾ?" ಅಂತ ಫೋನಲ್ಲಿ ಕೇಳಿದೆ. ಅವಳಿಗೆ ಸಂಜೆ ಕ್ಲಾಸು. ಮುಗಿಸಿ ಮನೆಗೆ ಕಾರಲ್ಲಿ ಬರುವಾಗ ಇಲ್ಲಿ ಬೆಳಿಗ್ಗೆ, ನಾನು ಮೆಸ್ಸಿನ ಕ್ಯೂನಲ್ಲಿ ನಿಂತಿರ್ತೀನಿ.

"ಸೀಟು ಈಗ ಕಷ್ಟ ಇಲ್ಲ ಕಣೋ," ಅಂದಳು. ಅದೂ ನಿಜವೇ. ಕಳೆದ ಹತ್ತು ವರ್ಷಗಳಲ್ಲಿ ಅಮೆರಿಕದಲ್ಲಿ ಫಾರ್ಮಸಿಗೆ ಅರ್ಜಿ ಹಾಕೋರು ತುಂಬಾ ಕಮ್ಮಿ ಆಗಿದ್ದಾರೆ. ಪಿಕ್ಯಾಟ್ ಅಂತ ಒಂದು ಪ್ರವೇಶ ಪರೀಕ್ಷೆ ಇತ್ತು, 2024ರ ಜನವರಿಯಲ್ಲಿ ಕೊನೇ ಸಲ ನಡೆಸಿ ಅದನ್ನೂ ನಿಲ್ಲಿಸಿಬಿಟ್ಟರು. "ಒಳಗೆ ಹೋದಮೇಲೆ ಏನ್ ಮಾಡ್ಲಿ? ಆರ್ಗ್ಯಾನಿಕ್ ಒಂದು ಗೊತ್ತಿಲ್ದೆ ಎರಡು ಅರ್ಥ ಆಗಲ್ಲ. ಎರಡು ಇಲ್ದೆ ಮೆಡಿಸಿನಲ್ ಕೆಮಿಸ್ಟ್ರಿ ಆಗಲ್ಲ. ಸಾಲ ಮಾಡಿ ಹೋಗೋದು, ಮಧ್ಯ ಬಿಟ್ಟು ಬಂದ್ರೆ ಸಾಲ ಮಾತ್ರ ಉಳಿಯುತ್ತೆ." ನಾಲ್ಕು ವರ್ಷ ಮುಗಿದ ಮೇಲೂ ನ್ಯಾಪ್ಲೆಕ್ಸ್ ಅಂತ ಲೈಸೆನ್ಸ್ ಪರೀಕ್ಷೆ ಇದೆ. ಅದು ಟ್ರಾನ್ಸ್‌ಕ್ರಿಪ್ಟ್ ನೋಡಿ ಮಾರ್ಕ್ಸ್ ಕೊಡಲ್ಲ.

ಹಿಂದೆ ಅವಳು ರಿಯಾಕ್ಷನ್‌ಗಳನ್ನ ಕಾರ್ಡಿನಲ್ಲಿ ಬರೆದು ಬಾಯಿಪಾಠ ಮಾಡಿದ್ದಳಂತೆ. ಈ ಕಡೆ ಏನು ಹಾಕಿದ್ರೆ ಆ ಕಡೆ ಏನು ಬರುತ್ತೆ, ಅಷ್ಟೇ. ನಾವು ಪಿಯುಸಿಯಲ್ಲಿ ಎಸ್‌ಎನ್1, ಎಸ್‌ಎನ್2 ಕಲಿತಿದ್ದೂ ಹಾಗೇ ತಾನೇ? ಈ ಸಲ ಕಮ್ಯುನಿಟಿ ಕಾಲೇಜಿನ ಮೇಷ್ಟ್ರು ಕಾರ್ಡ್ ತರಬೇಡಿ ಅಂದುಬಿಟ್ಟಿದ್ದಾರೆ. ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಬಾಣ ಬರೀಬೇಕು. ಬಾಣ ತಪ್ಪಿದರೆ ಉತ್ತರ ಸರಿ ಇದ್ದರೂ ಮಾರ್ಕ್ಸ್ ಇಲ್ಲ.

ಲ್ಯಾಬಿನಲ್ಲಿ ಆಸ್ಪಿರಿನ್ ಮಾಡಿದ ದಿನ ಅಕ್ಕ ಅರ್ಧ ಗಂಟೆ ಅದನ್ನೇ ಹೇಳಿದಳು. ಸ್ಯಾಲಿಸಿಲಿಕ್ ಆಸಿಡ್‌ಗೆ ಅಸಿಟಿಕ್ ಅನ್‌ಹೈಡ್ರೈಡ್ ಸೇರಿಸಿ ಮಾಡೋದು. ಆ ಆಸ್ಪಿರಿನ್‌ಗೆ ತೇವ ತಗುಲಿದರೆ ನಿಧಾನವಾಗಿ ಒಡೆದು ಮತ್ತೆ ಸ್ಯಾಲಿಸಿಲಿಕ್ ಆಸಿಡ್ ಆಗುತ್ತೆ, ಜೊತೆಗೆ ಅಸಿಟಿಕ್ ಆಸಿಡ್ ಬರುತ್ತೆ. ಅಂದರೆ ವಿನೆಗರ್. ಹಳೇ ಆಸ್ಪಿರಿನ್ ಡಬ್ಬಿ ತೆಗೆದರೆ ಹುಳಿ ವಾಸನೆ ಬರೋದು ಅದಕ್ಕೇ. ಅಲ್ಲಿನವರಿಗೆ ಮಾತ್ರೆಗಳನ್ನ ಬಚ್ಚಲುಮನೆ ಕಪಾಟಿನಲ್ಲಿ ಇಡೋ ಅಭ್ಯಾಸ. ಹಾಗೆ ಇಡಬೇಡಿ ಅಂತ ಅಂಗಡಿಯ ಫಾರ್ಮಸಿಸ್ಟ್ ಗಿರಾಕಿಗಳಿಗೆ ಹೇಳೋದನ್ನ ಅಕ್ಕ ಎರಡು ವರ್ಷದಿಂದ ಕೇಳ್ತಾನೇ ಇದ್ದಳು. ಟೆಕ್ನಿಷಿಯನ್‌ಗೆ ಅಂಥ ಸಲಹೆ ಕೊಡೋ ಅಧಿಕಾರ ಇಲ್ಲ, ಮಾತ್ರೆ ಎಣಿಸಿ ಡಬ್ಬಿಗೆ ತುಂಬಬೇಕು ಅಷ್ಟೇ. "ಅವರು ಯಾಕೆ ಹೇಳ್ತಿದ್ರು ಅಂತ ಈಗ ಬಾಣ ಹಾಕಿ ತೋರಿಸ್ತೀನಿ ನೋಡು," ಅಂದಳು. ತೋರಿಸಿದಳು ಕೂಡ. ನನಗೆ ಅರ್ಧ ಅರ್ಥ ಆಯಿತು. ಅವಳ ದನಿಯಲ್ಲಿದ್ದ ಖುಷಿ ಪೂರ್ತಿ ಅರ್ಥ ಆಯಿತು.

ನನ್ನ ಅಭಿಪ್ರಾಯ ಕೇಳಿದರೆ, ಹಳೇ ಗ್ರೇಡನ್ನೂ ಲೆಕ್ಕಕ್ಕೆ ಹಿಡಿಯೋದು ಈಗಲೂ ಅನ್ಯಾಯವೇ. ಕೊರೊನಾ ವರ್ಷದ ವಿಡಿಯೋ ಲ್ಯಾಬಿಗೆ ಬಂದ ಡಿಯನ್ನ ಐದು ವರ್ಷ ಬಿಟ್ಟೂ ಹೊರಬೇಕು ಅಂದ್ರೆ ಹೇಗೆ? ಅಕ್ಕನಿಗೆ ಅದರ ಬಗ್ಗೆ ಅಷ್ಟು ಬೇಜಾರಿಲ್ಲ. "ಎರಡೂ ನಾನೇ ತಾನೆ ತಗೊಂಡಿದ್ದು," ಅಂತಾಳೆ.

ಮೊದಲನೆಯದರ ರಿಸಲ್ಟ್ ಬಂತು. ಎ ಅಲ್ಲ, ಬಿ. ದೊಡ್ಡಪ್ಪ ಒಂದು ವಾರ ಆ ವಿಷಯ ಎತ್ತಲಿಲ್ಲವಂತೆ. ನಾನು 0.07 ಅಂತ ಬರೆದಿಟ್ಟಿದ್ದ ಕಡೆ ಈಗ 0.04 ಅಂತ ತಿದ್ದಿದ್ದೀನಿ, ಅದೂ ಎರಡನೆಯದರಲ್ಲಿ ಎ ಬಂದರೆ. ಆ ಕ್ಲಾಸು ಶುರುವಾಗಿದೆ. ಈ ವಾರ ಆಲ್ಡಾಲ್ ಕಂಡೆನ್ಸೇಶನ್. ನಿನ್ನೆ ಒಂದು ಫೋಟೋ ಕಳಿಸಿದ್ದಳು, ಹಾಳೆ ತುಂಬಾ ಬಾಣ, ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: "ಎಲ್ಲಿ ತಪ್ಪಿದೆ ಹೇಳು ನೋಡೋಣ." ಪಿಯುಸಿ ಪುಸ್ತಕ ಊರಲ್ಲಿದೆ. ಅಮ್ಮನಿಗೆ ಹೇಳಿದ್ದೀನಿ, ಹುಡುಕಿ ಆ ಪುಟದ ಫೋಟೋ ಕಳಿಸ್ತಾರೆ.