ಆ ನೋಬಾಲ್ ಕೂಗಿದ್ದು ನಾವೇ

ಹೊಳೆನರಸೀಪುರದ ಹತ್ತಿರ ರಾಗಿ ಕುಯ್ದ ಹೊಲದಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ನಡೀತಿತ್ತು. ನಾವು ಆಗ ಡಿಗ್ರಿ ಕೊನೇ ವರ್ಷ. ನಾವು ಅಂದರೆ ನಾಲ್ಕು ಜನ: ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ತಾಲ್ಲೂಕಿಗೊಬ್ಬರು. ಒಂದೇ ಕ್ಲಾಸಿನಲ್ಲಿ ಪತ್ರಿಕೋದ್ಯಮ ಓದುತ್ತಾ ಒಂದೇ ಟೀಮಿಗೆ ಆಡುತ್ತಿದ್ದೆವು.

ಎದುರು ಟೀಮಿನಲ್ಲಿ ಅರಕಲಗೂಡು ಕಡೆಯ ಒಬ್ಬ ಹುಡುಗ. ಹದಿನಾರೋ ಹದಿನೇಳೋ ಇರಬೇಕು. ಓಡಿ ಬರುತ್ತಾ ಕವಣೆ ಬೀಸೋ ಹಾಗೆ ಬಲಗೈಯನ್ನು ಎರಡು ಸುತ್ತು ಬೀಸಿ, ಮೂರನೇ ಸುತ್ತಿಗೆ ಬಾಲ್ ಬಿಡುತ್ತಿದ್ದ. ಕೈ ಮೊಣಕೈ ಹತ್ತಿರ ಸೊಟ್ಟ. ಬಾಲ್ ಯಾವಾಗ ಕೈ ಬಿಡುತ್ತೆ ಅಂತ ನಮ್ಮವರಿಗೆ ಗೊತ್ತೇ ಆಗುತ್ತಿರಲಿಲ್ಲ. ಮೊದಲ ಓವರಿನಲ್ಲೇ ನಮ್ಮ ಇಬ್ಬರು ಬೋಲ್ಡ್.

ನಮ್ಮ ಕಡೆ ಲೆಗ್ ಅಂಪೈರ್ ಬ್ಯಾಟಿಂಗ್ ಟೀಮಿನವರೇ. ಅವತ್ತು ಅಲ್ಲಿ ನಿಂತಿದ್ದವರು ನಮ್ಮಲ್ಲೊಬ್ಬರು. ಎರಡನೇ ಓವರಿಗೆ ನಾವು ಬೌಂಡರಿ ಲೈನಿನಿಂದ ‘ತ್ರೋ, ತ್ರೋ’ ಅಂತ ಕೂಗಿದೆವು, ಲೆಗ್ ಅಂಪೈರ್ ಕೈ ಚಾಚಿ ನೋಬಾಲ್ ಕೊಟ್ಟರು. ಮುಂದಿನ ಬಾಲಿಗೂ ಕೊಟ್ಟರು. ಮೈಕಿನವನು ‘ಸೊಟ್ಟಗೈ ಬೌಲರ್’ ಅಂದಿದ್ದಕ್ಕೆ ಜನವೆಲ್ಲ ನಕ್ಕರು. ಕ್ಯಾಪ್ಟನ್ ಅವನ ಕೈಯಿಂದ ಬಾಲ್ ಕಿತ್ಕೊಂಡು ಇನ್ನೊಬ್ಬನಿಗೆ ಕೊಟ್ಟ. ಮ್ಯಾಚ್ ಗೆದ್ದಿದ್ದು ನಾವು. ಆ ಹುಡುಗ ಬಹುಮಾನ ಕೊಡೋವರೆಗೂ ನಿಲ್ಲಲಿಲ್ಲ.

ಮೂರ್ನಾಲ್ಕು ವರ್ಷ ಅದು ನಮಗೆ ನೆನಪೇ ಇರಲಿಲ್ಲ. ಹೋದ ಬೇಸಿಗೆಯಲ್ಲಿ ತೆಂಗಿನಕಾಯಿ ರೇಟಿನ ಬಗ್ಗೆ ಬರೆಯೋಕೆ ಚನ್ನರಾಯಪಟ್ಟಣಕ್ಕೆ ಹೋಗಿದ್ದಾಗ, ಕಾಯಿ ತುಂಬಿದ ಗೂಡ್ಸ್ ಆಟೋ ಪಕ್ಕ ನಿಂತಿದ್ದವನೊಬ್ಬ ನಮ್ಮನ್ನೇ ನೋಡುತ್ತಿದ್ದ. ಗುರುತು ಹಿಡಿದಿದ್ದು ಅವನೇ.

‘ಅಣ್ಣ, ಅವತ್ತು ನೋಬಾಲ್ ಯಾಕ್ ಕೊಟ್ರಿ?’

ಕೋಪ ಇರಲಿಲ್ಲ. ನಿಜವಾಗಿಯೂ ತಿಳ್ಕೊಬೇಕು ಅನ್ನೋ ಹಾಗೆ ಕೇಳಿದ. ಕೈ ಮಡಚಿತ್ತಲ್ಲಪ್ಪ ಅಂದೆವು. ‘ಅದು ಯಾವಾಗ್ಲೂ ಹಂಗೇ ಕಣಣ್ಣ’ ಅಂತ ಶರ್ಟಿನ ತೋಳು ಮೇಲೇರಿಸಿ ತೋರಿಸಿದ. ಚಿಕ್ಕವನಿದ್ದಾಗ ಹಲಸಿನ ಮರದಿಂದ ಬಿದ್ದು ಮೊಣಕೈ ಮುರಿದಿತ್ತಂತೆ. ಮೂಳೆ ಕೂಡಿಕೊಂಡಿತು, ನೆಟ್ಟಗಾಗಲಿಲ್ಲ. ಅವತ್ತಿನಿಂದ ಯಾವ ಟೀಮಿನವರೂ ಅವನಿಗೆ ಬಾಲ್ ಕೊಟ್ಟಿಲ್ಲ. ಫೀಲ್ಡಿಂಗಿಗೆ ಕರೀತಾರೆ, ಹೋಗ್ತಾನೆ.

ಆಟೋ ಹೋದಮೇಲೆ ನಾವು ಟೀ ಅಂಗಡಿಯಲ್ಲಿ ಕೂತು ಫೋನಿನಲ್ಲಿ ಕ್ರಿಕೆಟ್ ನಿಯಮ ತೆಗೆದು ಓದಿದೆವು. ನಾಲ್ಕು ಜನ ಹತ್ತು ವರ್ಷದಿಂದ ಆಡಿದ್ದೀವಿ, ಅಂಪೈರಿಂಗ್ ಮಾಡಿದ್ದೀವಿ. ಓದಿದ್ದು ಅವತ್ತೇ ಮೊದಲು.

21ನೇ ನಿಯಮ ಕೈ ಮಡಚಬಾರದು ಅಂತ ಹೇಳೋದೇ ಇಲ್ಲ. ಬೀಸುವ ಕೈ ಭುಜದ ಮಟ್ಟಕ್ಕೆ ಬಂದ ಕ್ಷಣದಿಂದ ಬಾಲ್ ಕೈ ಬಿಡೋವರೆಗೆ ಮೊಣಕೈಯನ್ನು ಪೂರ್ತಿಯಾಗಲೀ ಸ್ವಲ್ಪವಾಗಲೀ ನೆಟ್ಟಗೆ ಮಾಡಬಾರದು ಅನ್ನುತ್ತೆ. ಅಂದರೆ ಮಡಚಿದ ಕೈ ಮಡಚಿದ ಹಾಗೇ ಬಂದರೆ ತಪ್ಪಿಲ್ಲ. ಮಡಚಿದ್ದು ಬಿಚ್ಚಿದರೆ ತಪ್ಪು. ಕಲ್ಲು ಎಸೆಯುವಾಗ ನಮ್ಮ ಮೊಣಕೈ ಮಾಡೋದು ಅದನ್ನೇ. ಮಣಿಕಟ್ಟು ಎಷ್ಟು ಬೇಕಾದರೂ ತಿರುಗಿಸಬಹುದು.

ದೊಡ್ಡ ಮ್ಯಾಚುಗಳಿಗೆ ಐಸಿಸಿ 2005ರಿಂದ 15 ಡಿಗ್ರಿವರೆಗೆ ಬಿಚ್ಚೋದಕ್ಕೆ ಒಪ್ಪಿದೆ, ಯಾಕಂದ್ರೆ ಕ್ಯಾಮೆರಾ ಇಟ್ಟು ಅಳೆದಾಗ ನೆಟ್ಟಗೈ ಅಂತ ಹೆಸರಾದವರ ಮೊಣಕೈಯೂ ಸ್ವಲ್ಪ ಬಿಚ್ಚೋದು ಕಂಡಿತು. ಅದನ್ನು ಅಳೆಯೋ ಲ್ಯಾಬ್ ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯಲ್ಲಿದೆ. ರಾಗಿ ಹೊಲದಲ್ಲಿ ಅಂಪೈರಿನ ಕಣ್ಣೇ ಲ್ಯಾಬ್. ಅದಕ್ಕೇ ನಿಯಮ ಇನ್ನೊಂದು ಮಾತೂ ಹೇಳುತ್ತೆ: ಮೊದಲ ಸಲ ನೋಬಾಲ್ ಕೊಟ್ಟು, ಬೌಲರನ್ನು ಕರೆದು, ಕಾರಣ ಹೇಳಿ, ಇದೇ ಮೊದಲನೇ ಮತ್ತು ಕೊನೇ ಎಚ್ಚರಿಕೆ ಅನ್ನಬೇಕು. ಮತ್ತೆ ಹಾಗೇ ಮಾಡಿದರೆ ಆ ಇನಿಂಗ್ಸಿನಲ್ಲಿ ಬೌಲಿಂಗ್ ಇಲ್ಲ. ಆ ಇನಿಂಗ್ಸಿನಲ್ಲಿ ಮಾತ್ರ. ನಾವು ಆ ಹುಡುಗನಿಗೆ ಕಾರಣ ಹೇಳಿರಲಿಲ್ಲ, ಮತ್ತು ಅವನ ಪಾಲಿಗೆ ಆ ಇನಿಂಗ್ಸ್ ಇನ್ನೂ ಮುಗಿದಿರಲಿಲ್ಲ.

ಇಂಥದ್ದೇ ಕೈಯವರು ದೊಡ್ಡ ಆಟದಲ್ಲೂ ಇದ್ದಾರೆ. ಮುತ್ತಯ್ಯ ಮುರಳೀಧರನ್ ಮೊಣಕೈ ಹುಟ್ಟಿನಿಂದಲೇ ಪೂರ್ತಿ ನೆಟ್ಟಗಾಗೋದಿಲ್ಲ. 1995ರ ಡಿಸೆಂಬರ್ 26ರಂದು ಮೆಲ್ಬರ್ನ್‌ನಲ್ಲಿ ಅಂಪೈರ್ ಡ್ಯಾರೆಲ್ ಹೇರ್ ಅವರಿಗೆ ಏಳು ನೋಬಾಲ್ ಕೊಟ್ಟರು. ಮುಂದಿನ ವರ್ಷ ಆಸ್ಟ್ರೇಲಿಯಾದ ಪರ್ತ್‌ನಲ್ಲಿ, ಹಾಂಗ್‌ಕಾಂಗ್‌ನಲ್ಲಿ ಪರೀಕ್ಷೆ ಮಾಡಿದವರು, ಎಸೆದ ಹಾಗೆ ಕಾಣೋದು ಕಣ್ಣಿನ ಭ್ರಮೆ ಅಂದರು. 800 ಟೆಸ್ಟ್ ವಿಕೆಟ್ ತೆಗೆದುಕೊಂಡೇ ಅವರು ನಿವೃತ್ತರಾದದ್ದು.

ನಮ್ಮವರೇ ಆದ ಬಿ.ಎಸ್. ಚಂದ್ರಶೇಖರ್ ಕತೆ ಇನ್ನೂ ಹತ್ತಿರದ್ದು. ಮೈಸೂರಿನಲ್ಲಿ ಹುಟ್ಟಿದವರು. ಐದಾರು ವರ್ಷದವರಿದ್ದಾಗ ಪೋಲಿಯೋ ಬಂದು ಬಲಗೈ ಸೊರಗಿತು. ಫೀಲ್ಡಿಂಗ್ ಮಾಡುವಾಗ ಎಡಗೈಯಲ್ಲಿ ಎಸೆಯುತ್ತಿದ್ದರು, ಬೌಲಿಂಗ್ ಮಾತ್ರ ಆ ಸೊರಗಿದ ಬಲಗೈಯಲ್ಲೇ. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ತೆಗೆದಾಗ ಭಾರತ ಇಂಗ್ಲೆಂಡಿನಲ್ಲಿ ಮೊದಲ ಸಲ ಸರಣಿ ಗೆದ್ದಿತು. 58 ಟೆಸ್ಟಿನಲ್ಲಿ 242 ವಿಕೆಟ್, ರನ್ನು 167 ಮಾತ್ರ. ಅವರ ಬಾಲ್ಯದಲ್ಲಿ ಲೆಗ್ ಅಂಪೈರಾಗಿ ನಮ್ಮಂಥ ನಾಲ್ಕು ಜನ ಸಿಕ್ಕಿದ್ದರೆ ಏನಾಗುತ್ತಿತ್ತೋ.

ಇನ್ನು ಆ ಎರಡು ಸುತ್ತು ಬೀಸೋದು. ಮೋಸ ಅಲ್ವಾ ಅಂತ ನಮ್ಮಲ್ಲೇ ಜಗಳ ಆಯಿತು. ಉತ್ತರ ಸಿಕ್ಕಿದ್ದು 2018ರ ಒಂದು ಪ್ರಸಂಗದಲ್ಲಿ. ಉತ್ತರ ಪ್ರದೇಶದ ಶಿವ ಸಿಂಗ್ ಎಂಬ ಸ್ಪಿನ್ನರ್ ಬಂಗಾಳದ ಮೇಲೆ ಬೌಲ್ ಮಾಡುವಾಗ ಬುಗುರಿ ಹಾಗೆ ಪೂರ್ತಿ ಒಂದು ಸುತ್ತು ತಿರುಗಿ ಬಾಲ್ ಹಾಕಿದರು. ಅಂಪೈರ್ ಡೆಡ್ ಬಾಲ್ ಅಂದರು. ಬ್ಯಾಟರನ ಗಮನ ಬೇಕಂತಲೇ ಕೆಡಿಸಬಾರದು ಅನ್ನೋ ನಿಯಮ 41ರಲ್ಲಿದೆ. ಆಗ ನಿಯಮ ಬರೆಯುವ ಎಂಸಿಸಿ ಹೇಳಿದ ಮಾತಿನ ತಿರುಳು ಇಷ್ಟು: ಪ್ರತಿ ಬಾಲಿಗೂ ಹಾಗೇ ತಿರುಗುವವನಾದರೆ ಅದು ಅವನ ರೀತಿ, ಒಂದು ಬಾಲಿಗೆ ಮಾತ್ರ ತಿರುಗಿದರೆ ಗಮನ ಕೆಡಿಸೋಕೆ ಮಾಡಿದ್ದಾ ಅಂತ ಅಂಪೈರ್ ನೋಡಬೇಕು. ನಮ್ಮ ಹುಡುಗ ಪ್ರತಿ ಬಾಲಿಗೂ ಬೀಸುತ್ತಿದ್ದ.

ಅಮೆರಿಕದ ಬೇಸ್‌ಬಾಲ್‌ನಲ್ಲಿ ಇದು ಪೂರ್ತಿ ಉಲ್ಟಾ. ಅಲ್ಲಿ ಎಸೆಯೋದೇ ಆಟ, ಮೊಣಕೈ ಕೇಳೋರೇ ಇಲ್ಲ. ಜಪಾನಿನ ಹಿದಿಯೊ ನೊಮೊ 1995ರಲ್ಲಿ ಲಾಸ್ ಏಂಜಲೀಸ್ ತಂಡಕ್ಕೆ ಬಂದಾಗ ಬ್ಯಾಟರಿಗೆ ಬೆನ್ನು ತೋರಿಸುವಷ್ಟು ತಿರುಗಿ ಎಸೆಯುತ್ತಿದ್ದರು. ಜನ ಅದನ್ನು ಸುಂಟರಗಾಳಿ ಅಂದರು, ಅಂಪೈರ್ ಏನೂ ಅನ್ನಲಿಲ್ಲ. ಅವರ ಕಣ್ಣು ಕಾಲಿನ ಮೇಲೆ. ಕಾರ್ಟರ್ ಕ್ಯಾಪ್ಸ್ ಎಂಬಾತ ಮುಂದಕ್ಕೆ ಹಾರಿ ಎಸೆಯುತ್ತಿದ್ದಕ್ಕೆ, ಎರಡನೇ ಹೆಜ್ಜೆ ಇಡುವಂತಿಲ್ಲ ಅಂತ 2017ಕ್ಕೆ ನಿಯಮವನ್ನೇ ಬಿಗಿ ಮಾಡಿದರು. ಬೇಸ್ ಮೇಲೆ ಓಟಗಾರ ಇದ್ದಾಗ ಎಸೆಯೋಕೆ ಶುರು ಮಾಡಿ ನಡುವೆ ನಿಲ್ಲಿಸಿದರೂ ತಪ್ಪು, ಓಟಗಾರನಿಗೆ ಒಂದು ಬೇಸ್ ಪುಕ್ಕಟೆ.

ಇಷ್ಟೆಲ್ಲ ಓದಿ, ಮುಂದಿನ ಭಾನುವಾರ ಅರಕಲಗೂಡಿಗೆ ಹೋದೆವು. ಹುಡುಗನ ಕೈಲಿ ಇಪ್ಪತ್ತು ಬಾಲ್ ಹಾಕಿಸಿ, ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿದೆವು. ಮೂರು ವರ್ಷ ಬೌಲ್ ಮಾಡದ ಕೈ, ಮೊದಲ ಐದಾರು ಬಾಲ್ ಎಲ್ಲೆಲ್ಲೋ ಹೋದವು. ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಕೈ ಭುಜದ ಮಟ್ಟದಲ್ಲಿ ಇದ್ದಾಗ ಎಷ್ಟು ಸೊಟ್ಟವೋ ಬಾಲ್ ಬಿಡುವಾಗಲೂ ಅಷ್ಟೇ ಸೊಟ್ಟ ಕಂಡಿತು. ಫೋನಿನಲ್ಲಿ ಡಿಗ್ರಿ ಅಳೆಯೋಕಾಗಲ್ಲ, ಅದು ಬೇರೆ. ಸೊಟ್ಟಗೈಯವರಿಗೆಲ್ಲ ಮಾಫಿ ಅಂತಲೂ ಅಲ್ಲ. ಸೊಟ್ಟಗೈಯನ್ನೂ ಇನ್ನಷ್ಟು ಮಡಚಿ ಬಿಚ್ಚಿದರೆ ಅದು ತ್ರೋನೇ. ಆದರೆ ಅವನ ಇಪ್ಪತ್ತು ಬಾಲಿನಲ್ಲಿ ನಮಗೆ ಅಂಥದ್ದು ಒಂದೂ ಕಾಣಲಿಲ್ಲ.

ತಪ್ಪಾಯ್ತು ಕಣಪ್ಪ ಅಂದೆವು. ಅವನು ವಿಡಿಯೋನೇ ನೋಡುತ್ತಿದ್ದ. ‘ನಾನ್ ಹಿಂಗ್ ಹಾಕ್ತೀನಾ!’ ಅಂದ. ತನ್ನ ಬೌಲಿಂಗನ್ನು ಅವನು ಯಾವತ್ತೂ ನೋಡಿರಲಿಲ್ಲ. ‘ನಂಗ್ ಕಳ್ಸಣ್ಣ ಇದ್ನ’ ಅಂತ ನಂಬರ್ ಹೇಳಿದ.

ಹೋದ ತಿಂಗಳು ಹಾಸನದ ಹತ್ತಿರ ಆಡಿದ ಮ್ಯಾಚಿನಲ್ಲಿ ಅವನನ್ನು ನಮ್ಮ ಟೀಮಿಗೆ ಸೇರಿಸಿಕೊಂಡೆವು. ಟಾಸಿಗೆ ಮುಂಚೆ ಎದುರು ಕ್ಯಾಪ್ಟನ್ನಿಗೂ ಅವರ ಲೆಗ್ ಅಂಪೈರಿಗೂ ವಿಡಿಯೋ ತೋರಿಸಿ ನಿಯಮ ಹೇಳಿದೆವು. ಕ್ಯಾಪ್ಟನ್ ತಲೆ ಕೆರೆದುಕೊಂಡು, ‘ಹಾಕ್ಲಿ ಬಿಡಿ, ಒಂದ್ ಓವರ್ ನೋಡೋಣ’ ಅಂದ.

ನಾಲ್ಕನೇ ಓವರಿಗೆ ಬಾಲ್ ಅವನ ಕೈಗೆ ಬಂತು. ಬೌಲರ್ ಕಡೆ ಅಂಪೈರಾಗಿ ನಿಂತಿದ್ದವರು ನಮ್ಮವರೇ. ಕವಣೆ ಬೀಸಿದ ಹಾಗೆ ಎರಡು ಸುತ್ತು ಬೀಸಿ ಬಿಟ್ಟ. ಲೆಗ್ ಅಂಪೈರ್ ಕೈ ಎತ್ತಲಿಲ್ಲ. ಬಾಲ್ ಆಫ್ ಸೈಡಿನಲ್ಲಿ ಒಂದು ಮಾರು ಆಚೆ ಹೋಯಿತು. ನಮ್ಮವರು ಎರಡೂ ಕೈ ಚಾಚಿ ವೈಡ್ ಕೊಟ್ಟರು.