ಬುಟ್ಟಿಯೊಳಗಿನ ನಾಗ ಮತ್ತು ಅನ್ನಪಾನನಿರೋಧ

ಶ್ರಾವಣ ಶುದ್ಧ ಪಂಚಮಿ ಸಮೀಪಿಸಿತೆಂದರೆ ಕಲಬುರಗಿಯ ಗಾಜಿಪುರದಂಥ ಬಡಾವಣೆಗಳಲ್ಲಿ ಜೋಳದ ಅರಳು ಹುರಿಯುವ ವಾಸನೆ ಓಣಿಯನ್ನೆಲ್ಲ ತುಂಬಿಕೊಳ್ಳುತ್ತದೆ. ಗಂಡನ ಮನೆಗೆ ಹೋದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಜೋಕಾಲಿ ಕಟ್ಟುತ್ತಾರೆ, ಉಂಡಿ ತಂಬಿಟ್ಟುಗಳ ಡಬ್ಬಿಗಳು ತೆರೆಯುತ್ತವೆ. ಹುತ್ತಕ್ಕೋ ಕಲ್ಲಿನ ನಾಗರಕ್ಕೋ ಹಾಲೆರೆದು ಬಂದವರ ಬಾಗಿಲಿಗೆ ಹಿಂದೆಲ್ಲ ಹಾವಾಡಿಗನೂ ಬರುತ್ತಿದ್ದ. ಕಾನೂನಿನ ಭಯದಿಂದ ಅವನ ಸಂಚಾರ ಈಗ ಕುಗ್ಗಿದೆಯಾದರೂ ಪೂರ್ತಿ ನಿಂತಿಲ್ಲ. “ಅವ್ವಾರ, ನಾಗಪ್ಪಗ ಒಂದೀಟು ಹಾಲು ನೀಡ್ರಿ” ಎಂದು ಅವನು ಬುಟ್ಟಿಯ ಮುಚ್ಚಳ ತೆಗೆದರೆ, ಹೆಡೆಯ ಮೇಲೆ ಅರಿಸಿನ ಕುಂಕುಮ ಹೊತ್ತ ನಾಗರಹಾವೊಂದು ನಿಧಾನವಾಗಿ ತಲೆಯೆತ್ತುತ್ತದೆ. ಅದು ಬಟ್ಟಲಿಗೆ ಬಾಯಿಟ್ಟು ಹಾಲು ಕುಡಿದರೆ ಮನೆಯವರು ಕೈಮುಗಿಯುತ್ತಾರೆ.

ಅದು ಕುಡಿಯುವುದು ನಿಜ. ಏಕೆ ಕುಡಿಯುತ್ತದೆ ಎಂಬುದನ್ನು ಮಾತ್ರ ಬಟ್ಟಲು ಹಿಡಿದ ಕೈ ಅರಿಯದು. ಹಬ್ಬಕ್ಕೆ ವಾರಗಳ ಮೊದಲಿನಿಂದ ನೀರು ಕೊಡದೆ ಒಣಗಿಸಿದ ಹಾವು ಎದುರಿಗೆ ಬಂದ ಯಾವ ದ್ರವವನ್ನಾದರೂ ಕುಡಿಯುತ್ತದೆ. ಹಾಲೂಡುವ ಜೀವಿಗಳ ವರ್ಗಕ್ಕೆ ಸೇರದ ಉರಗದ ಜಠರಕ್ಕೆ ಹಾಲನ್ನು ಜೀರ್ಣಿಸಿಕೊಳ್ಳುವ ಸಾಮರ್ಥ್ಯವಿಲ್ಲ. ಹಾವಿನ ಶ್ವಾಸನಾಳ ಬಾಯಿಯ ತಳದಲ್ಲಿ, ತೀರ ಮುಂಭಾಗದಲ್ಲಿ ತೆರೆದುಕೊಂಡಿರುವುದರಿಂದ, ಒತ್ತಾಯದಿಂದ ಎರೆದ ಹಾಲು ಶ್ವಾಸಕೋಶಕ್ಕೆ ಇಳಿದು ಸೋಂಕಾಗುವುದೂ ಉಂಟು. ಇದಕ್ಕೆ ಮೊದಲೇ ವಿಷದಂತಗಳನ್ನು ಮುರಿದಿರುತ್ತಾರೆ. ಕೆಲವೆಡೆ ನಾಲಗೆ ಹೊರಬರುವಷ್ಟು ಸಂದಿಯನ್ನು ಬಿಟ್ಟು ಬಾಯಿಯನ್ನು ದಾರದಿಂದ ಹೊಲಿದಿರುತ್ತಾರೆ. ಹೊರಕಿವಿಯಿಲ್ಲದ ಈ ಜೀವಿ ಪುಂಗಿಯ ನಾದಕ್ಕೆ ಮರುಳಾಗಿ ತಲೆದೂಗುತ್ತಿಲ್ಲ, ತನ್ನ ಮುಂದೆ ಅತ್ತಿತ್ತ ಆಡುವ ವಸ್ತುವನ್ನು ಭಯದಿಂದ ಕಣ್ಣಲ್ಲಿ ಹಿಂಬಾಲಿಸುತ್ತಿದೆ, ಅಷ್ಟೇ.

ಕಲ್ಲಿನ ನಾಗನಿಗೆ ದೊರೆಯುವ ಆದರ ಮತ್ತು ದಿಟದ ನಾಗನಿಗೆ ಬೀಳುವ ಏಟು, ಇವೆರಡರ ನಡುವಣ ಅಂತರವನ್ನು ಬಸವಣ್ಣನವರು ಒಂದು ವಚನದಲ್ಲಿ ಬಯಲಿಗೆಳೆದಿರುವುದು ಸರ್ವವಿದಿತ. ಬುಟ್ಟಿಯ ನಾಗ ಈ ಎರಡರೊಳಗೂ ಸೇರುವುದಿಲ್ಲ. ಅದು ಕಲ್ಲಲ್ಲ, ಆದರೂ ಪೂಜೆಗೊಳ್ಳುತ್ತದೆ. ಅದನ್ನು ಯಾರೂ ಹೊಡೆದು ಕೊಲ್ಲುತ್ತಿಲ್ಲ, ಆದರೂ ಅದು ಸಾಯುತ್ತಿದೆ.

ಕಲಬುರಗಿಯ ಪರಿಸರದಲ್ಲಿ ಈ ವಿಚಾರವನ್ನೆತ್ತಿದಾಗ ಮಳಖೇಡದ ನೆನಪಾಗುವುದು ಸಹಜ. ನಗರದಿಂದ ಸುಮಾರು 40 ಕಿ.ಮೀ. ದೂರದ ಈ ಊರು ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನು ಗುರುವೆಂದು ಮನ್ನಿಸಿದ ಜಿನಸೇನಾಚಾರ್ಯರು 9ನೆಯ ಶತಮಾನದಲ್ಲಿ ರಚಿಸಿದ ‘ಪಾರ್ಶ್ವಾಭ್ಯುದಯ’ವು ಕಾಳಿದಾಸನ ಮೇಘದೂತದ ಸಾಲುಗಳನ್ನು ತನ್ನ ಪದ್ಯಗಳೊಳಗೆ ಹೆಣೆದುಕೊಂಡು ಪಾರ್ಶ್ವನಾಥ ತೀರ್ಥಂಕರರ ಮೇಲೆ ನಡೆದ ಉಪಸರ್ಗವನ್ನು ವರ್ಣಿಸುವ ಅಪೂರ್ವ ಕಾವ್ಯ. ಆ ಉಪಸರ್ಗವನ್ನು ನಿವಾರಿಸಿದ ಧರಣೇಂದ್ರನ ಪೂರ್ವಕಥೆ ಪುರಾಣಗಳಲ್ಲಿದೆ. ತಾಪಸನೊಬ್ಬನ ಪಂಚಾಗ್ನಿಗೆ ಆಹುತಿಯಾಗಲಿದ್ದ ಕೊರಡಿನೊಳಗೆ ನಾಗಯುಗಳವಿರುವುದನ್ನು ಕುಮಾರ ಪಾರ್ಶ್ವರು ತಮ್ಮ ಅವಧಿಜ್ಞಾನದಿಂದ ಅರಿತರು. ಗ್ರಂಥದಿಂದ ಗ್ರಂಥಕ್ಕೆ ವಿವರಗಳು ವ್ಯತ್ಯಾಸಗೊಂಡರೂ ಒಂದಂಶ ಸ್ಥಿರ: ಆ ನಾಗಗಳಿಗೆ ಯಾರೂ ಹಾಲೆರೆಯಲಿಲ್ಲ. ಕೊರಡಿನೊಳಗೊಂದು ಜೀವವಿದೆಯೆಂಬ ಅರಿವೇ ಅಲ್ಲಿ ದಯೆಯ ಮೊದಲ ಕ್ರಿಯೆ. ಏಳು ಹೆಡೆಗಳ ಛತ್ರದಡಿಯಲ್ಲಿ ನಿಂತ ಪಾರ್ಶ್ವಬಿಂಬವನ್ನು ದಿನವೂ ದರ್ಶಿಸುವ ಶ್ರಾವಕರೂ ಈ ಅಂಶವನ್ನು ಗಮನಿಸುವುದು ಕಡಿಮೆ.

ಶಾಸ್ತ್ರದೃಷ್ಟಿಯಿಂದ ಬುಟ್ಟಿಯನ್ನು ನೋಡಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನನೀರು ತಡೆಯುವುದು. ಎತ್ತು, ಕುದುರೆ, ಆಳುಕಾಳುಗಳನ್ನು ಲಕ್ಷ್ಯದಲ್ಲಿಟ್ಟು ಈ ಪಟ್ಟಿಯನ್ನು ವಿವರಿಸುವುದು ರೂಢಿ. ಹೊರೆಯೊಂದನ್ನು ಬಿಟ್ಟರೆ ಉಳಿದುದೆಲ್ಲವೂ ಹಾವಾಡಿಗನ ಒಂದಡಿ ಬುಟ್ಟಿಯೊಳಗೆ ಒಟ್ಟಿಗೆ ನೆಲೆಸಿವೆ. ಅವುಗಳಲ್ಲಿ ಕಡೆಯದಾದ ಅನ್ನಪಾನನಿರೋಧವೇ ಇಲ್ಲಿ ಅತ್ಯಂತ ಜಟಿಲವಾದುದು. ಹಾವಾಡಿಗನಿಂದ ಹಾವನ್ನು ಬಿಡಿಸಿದ ಮಾತ್ರಕ್ಕೆ ಅದು ಮುಗಿಯುವುದಿಲ್ಲ.

ಉಪೇಕ್ಷೆಗೊಳಗಾದ ಹಾವು ಕೂಗುವುದಿಲ್ಲ, ನರಳುವುದಿಲ್ಲ. ಬೆನ್ನುಮೂಳೆ ಎದ್ದು ಕಂಡು ದೇಹ ಮುಕ್ಕೋನಾಕಾರಕ್ಕೆ ಇಳಿದಿರುವುದು, ಚರ್ಮ ಮಡಿಕೆಗಟ್ಟಿರುವುದು, ಕಣ್ಣು ಒಳಗಿಳಿದಿರುವುದು, ಪೊರೆ ಒಮ್ಮೆಗೇ ಕಳಚದೆ ತುಂಡುತುಂಡಾಗಿ ಅಂಟಿಕೊಂಡಿರುವುದು, ಹುರುಪೆಗಳ ಸಂದಿನಲ್ಲಿ ಉಣ್ಣೆ ಸೇರಿರುವುದು, ಇವೇ ಅದರ ಅಳಲಿನ ಭಾಷೆ. ಇಂಥ ಹಾವು ಕೈಸೇರಿದಾಗ ಅನುಭವಿ ಪಶುವೈದ್ಯರು ಮೊದಲು ಮಾಡುವುದು ಉಣಿಸುವ ಕೆಲಸವಲ್ಲ. ಗಾಳಿಯಾಡುವ, ಕತ್ತಲಾದ, ಸದ್ದಿಲ್ಲದ ಪೆಟ್ಟಿಗೆಯೊಂದರಲ್ಲಿ ಅದನ್ನಿರಿಸಿ, ಒಂದು ತುದಿ ಸುಮಾರು 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗೆ, ಇನ್ನೊಂದು ತುದಿ ಅದಕ್ಕಿಂತ ನಾಲ್ಕೈದು ಡಿಗ್ರಿ ತಂಪಾಗಿ ಇರುವಂತೆ ನೋಡಿಕೊಳ್ಳುತ್ತಾರೆ. ಹಾವು ತನ್ನ ಮೈಯ ಶಾಖವನ್ನು ತಾನೇ ಉತ್ಪಾದಿಸಲಾರದು. ಬೇಕಾದ ಕಡೆಗೆ ಸರಿದು ಅದನ್ನು ಹೊಂದಿಸಿಕೊಳ್ಳುತ್ತದೆ. ಬಿಸಿಲು 40 ಡಿಗ್ರಿ ದಾಟುವ ಕಲಬುರಗಿಯ ಬೇಸಗೆಯಲ್ಲಿ ಸರಿಯಲು ಎಡೆಯಿಲ್ಲದ ಬುಟ್ಟಿ ಎಂದರೆ ಒಲೆಯೇ ಸರಿ.

ಅನಂತರ ನೀರು. ಉಗುರುಬೆಚ್ಚಗಿನ ನೀರನ್ನು ಅಗಲವಾದ ಪಾತ್ರೆಯಲ್ಲಿ ತೆಳ್ಳಗೆ ತುಂಬಿಸಿ, ತಲೆ ಮುಳುಗದಂತೆ ಸ್ವಲ್ಪ ಹೊತ್ತು ಅದರಲ್ಲಿ ಬಿಡುತ್ತಾರೆ. ಹಾವು ಕುಡಿಯುತ್ತದೆ, ಅಂಟಿದ ಪೊರೆಯೂ ಮೆತ್ತಗಾಗುತ್ತದೆ. ಬಾಯಿಯ ಹೊಲಿಗೆ ಬಿಚ್ಚುವುದು, ವಸಡಿನ ಕೀವನ್ನು ಶುಚಿಗೊಳಿಸಿ ಔಷಧ ಕೊಡುವುದು ವೈದ್ಯರದೇ ಕೆಲಸ. ಹಲ್ಲು ಕಿತ್ತ ಹಾವು ನಿರಪಾಯವೆಂಬ ನಂಬಿಕೆ ಪ್ರಾಣಕ್ಕೆರವಾದೀತು, ಏಕೆಂದರೆ ಮುರಿದ ವಿಷದಂತದ ಹಿಂದೆ ಹೊಸ ದಂತ ಬೆಳೆದು ನಿಲ್ಲುತ್ತದೆ. ದೇಹ ನೀರು ಹಿಡಿದುಕೊಂಡ ಮೇಲೆಯೇ ಆಹಾರದ ಯೋಚನೆ. ಬಹುಕಾಲ ಉಪವಾಸವಿದ್ದ ದೇಹಕ್ಕೆ ಒಮ್ಮೆಗೇ ಹೊಟ್ಟೆತುಂಬ ಕೊಟ್ಟರೆ ಅದೇ ಮೃತ್ಯುವಾಗಬಹುದು. ಆದ್ದರಿಂದ ಮೊದಲ ತುತ್ತು ಚಿಕ್ಕದು. ಮುಂದೆಯೂ ಅದು ಹಾವಿನ ಮೈಯ ಅತಿ ದಪ್ಪ ಭಾಗವನ್ನು ಮೀರಬಾರದು. ಉಂಡ ಮೇಲೆ ಎರಡು ದಿನ ಮುಟ್ಟಬಾರದು, ಮುಟ್ಟಿದರೆ ಕಕ್ಕಿಬಿಡುತ್ತದೆ. ಮುಂದಿನ ಊಟ ವಾರಕ್ಕೋ ಹತ್ತು ದಿನಕ್ಕೋ.

ಆ ತುತ್ತು ಯಾವುದು? ಜಗತ್ತಿನಲ್ಲಿ ಸುಮಾರು 4,000 ಬಗೆಯ ಹಾವುಗಳಿವೆ. ಸಸ್ಯಾಹಾರಿಯಾದುದು ಒಂದೂ ಇಲ್ಲ. ನಾಗರಹಾವಿಗೆ ಇಲಿ, ಕಪ್ಪೆಗಳೇ ಅನ್ನ. ಪಂಚೇಂದ್ರಿಯ ಜೀವಿಯೊಂದನ್ನು ಉಳಿಸಲು ಇನ್ನೊಂದು ಪಂಚೇಂದ್ರಿಯ ಜೀವಿಯನ್ನು ಕೊಡಬೇಕು. ಕೃತ, ಕಾರಿತ, ಅನುಮತ, ತಾನೇ ಮಾಡುವುದು, ಮಾಡಿಸುವುದು, ಒಪ್ಪುವುದು, ಈ ಮೂರರಲ್ಲಿಯೂ ಹಿಂಸೆಯನ್ನು ಕಾಣುವ ಪರಂಪರೆಗೆ ಇದು ಸಣ್ಣ ಪ್ರಶ್ನೆಯಲ್ಲ. ಶ್ರಾವಕಾಚಾರವು ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡದಲ್ಲಿ ಎಣಿಸಿರುವುದು ಆ ಪ್ರಾಣಿಗಳ ಮೇಲಿನ ತಿರಸ್ಕಾರದಿಂದಲ್ಲ. ಕಾಡಿನ ಹಾವು ಇಲಿಯನ್ನು ಹಿಡಿದರೆ ಅದಕ್ಕೆ ಯಾರ ಆಜ್ಞೆಯೂ ಇಲ್ಲ. ಪೆಟ್ಟಿಗೆಯ ಹಾವಿಗೆ ಇಲಿಯನ್ನು ತಂದುಕೊಡುವವನು ಒಬ್ಬನಿದ್ದಾನೆ. ದೆಹಲಿಯ ಲಾಲ್ ಮಂದಿರದ ಆವರಣದಲ್ಲಿ ನಡೆದುಬಂದಿರುವ ಪಕ್ಷಿಗಳ ಧರ್ಮಾರ್ಥ ಆಸ್ಪತ್ರೆ ಈ ತೊಡಕನ್ನು ತನ್ನದೇ ರೀತಿಯಲ್ಲಿ ಎದುರಿಸಿದೆ. ಗಿಡುಗ, ಹದ್ದುಗಳಿಗೂ ಅಲ್ಲಿ ಚಿಕಿತ್ಸೆಯುಂಟು, ಆದರೆ ಹೊರರೋಗಿಗಳಾಗಿ ಮಾತ್ರ. ಒಳಗೆ ಉಳಿಯುವ ಅವಕಾಶ ಸಸ್ಯಾಹಾರಿ ಪಕ್ಷಿಗಳಿಗೆ. ಇದನ್ನು ಕಂಡು ನಗುವವರಿದ್ದಾರೆ. ಗಿಡುಗಕ್ಕೆ ಬೇಳೆ ತಿನ್ನಿಸಿ ಪುಣ್ಯ ಗಳಿಸಲು ಹೊರಡುವುದಕ್ಕಿಂತ ಇದು ಎಷ್ಟೋ ಪ್ರಾಮಾಣಿಕ. ಅಹಿಂಸೆಯ ಹೆಸರಿನಲ್ಲಿ ಹಾವಿಗೆ ಹಾಲನ್ನಷ್ಟೇ ಇಟ್ಟು ಕಾಯುವುದು ಅನ್ನಪಾನನಿರೋಧದ ಇನ್ನೊಂದು ರೂಪ.

ಕಾನೂನು ಇಲ್ಲಿ ಶಾಸ್ತ್ರದ ಪಕ್ಕದಲ್ಲಿಯೇ ಬಂದು ನಿಲ್ಲುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಾಗರಹಾವನ್ನು ಹಿಡಿಯುವುದೂ ಮನೆಯಲ್ಲಿಡುವುದೂ ಅಪರಾಧ. 2022ರ ತಿದ್ದುಪಡಿಯ ಬಳಿಕ ಅದು ಒಂದನೆಯ ಅನುಸೂಚಿಯಲ್ಲಿದೆ. ಐಶ್ವರ್ಯ ತರುತ್ತದೆಂಬ ಭ್ರಮೆಯಿಂದ ಎರಡುತಲೆಯ ಹಾವೆಂದು ಮಣ್ಣುಹಾವನ್ನು ಬಚ್ಚಿಡುವವರ ಮಾತೂ ಅಷ್ಟೇ. ಈಚೆಗೆ ಪರದೇಶದ ಹಾವುಗಳ ಶೋಕಿಯೂ ಸೇರಿಕೊಂಡಿದೆ. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದ ಸಾಮಾನಿನಲ್ಲಿ 55 ಬಾಲ್ ಹೆಬ್ಬಾವುಗಳೂ 17 ಕಾಳಿಂಗಸರ್ಪಗಳೂ ಸಿಕ್ಕವು. ಅವುಗಳೊಂದಿಗಿದ್ದ 6 ಕೋತಿಗಳು ಸತ್ತಿದ್ದವು. ಸೂಟ್‌ಕೇಸು ಬುಟ್ಟಿಯ ನಾಗರಿಕ ರೂಪ.

ಹಾವಾಡಿಗನೊಬ್ಬನನ್ನೇ ದೂಷಿಸಿ ಕೈತೊಳೆದುಕೊಳ್ಳುವಂತಿಲ್ಲ. ಅವನ ಬುಟ್ಟಿಯನ್ನು ತುಂಬಿಸಿದ್ದು ಬಾಗಿಲಲ್ಲಿ ಬಿದ್ದ ಕಾಸು. ತಮಿಳುನಾಡಿನ ಇರುಳರು 1978ರಲ್ಲಿ ಸ್ಥಾಪಿಸಿಕೊಂಡ ಸಹಕಾರ ಸಂಘದ ಮೂಲಕ ಅನುಮತಿ ಪಡೆದು ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷದಿಂದಲೇ ಹಾವು ಕಡಿತದ ಮದ್ದು ತಯಾರಾಗುತ್ತದೆ. ಅವರಲ್ಲಿ ಇಬ್ಬರಿಗೆ 2023ರಲ್ಲಿ ಪದ್ಮಶ್ರೀ ಸಂದಿತು.

ಬಿಡಿಸಿದ ಹಾವು ಚೇತರಿಸಿಕೊಂಡರೆ ಅರಣ್ಯ ಇಲಾಖೆಯ ಮೂಲಕ ಅದಕ್ಕೆ ಒಗ್ಗುವ ನೆಲಕ್ಕೆ ಮರಳುತ್ತದೆ. ಕಲಬುರಗಿಯಿಂದ ಕಮಲಾಪುರದವರೆಗಿನ ತೊಗರಿ ಹೊಲಗಳ ಕಪ್ಪು ಎರೆಮಣ್ಣು ಬೇಸಗೆಯಲ್ಲಿ ಬಿರುಕು ಬಿಟ್ಟಾಗ ಇಲಿಗೂ ಅಲ್ಲಿಯೇ ಮನೆ, ಹಾವಿಗೂ ಅಲ್ಲಿಯೇ. ಆದರೆ ದವಡೆ ಮುರಿದು, ದಂತ ಬೆಳೆಯುವ ವಸಡೇ ಸುಟ್ಟುಹೋದ ಹಾವು ಎಂದೂ ಬೇಟೆಯಾಡಲಾರದು. ಅದಕ್ಕೆ ಹೊರರೋಗಿಯಾಗುವ ಅವಕಾಶವಿಲ್ಲ. ಬದುಕಿರುವಷ್ಟು ವರ್ಷ ಅದು ಯಾವುದಾದರೊಂದು ಪುನರ್ವಸತಿ ಕೇಂದ್ರದ ಪೆಟ್ಟಿಗೆಯಲ್ಲಿಯೇ ಇರಬೇಕು. ಕಟ್ಟಡಕ್ಕೆ, ನೀರಿಗೆ, ಔಷಧಕ್ಕೆ ದಾನ ನೀಡಲು ಧರ್ಮಭೀರುಗಳು ಮುಂದೆ ಬರುತ್ತಾರೆ. ಇಲಿಯ ಲೆಕ್ಕವನ್ನು ಯಾರ ಹೆಸರಿಗೆ ಬರೆಯಬೇಕೆಂಬಲ್ಲಿ ಸಭೆ ಮೌನವಾಗುತ್ತದೆ. ಹತ್ತು ದಿನಕ್ಕೊಮ್ಮೆ ಸತ್ತ ಇಲಿಯೊಂದನ್ನು ಉದ್ದನೆಯ ಚಿಮಟದ ತುದಿಯಲ್ಲಿ ಹಿಡಿದು ಪೆಟ್ಟಿಗೆಯ ಮುಂದೆ ನಿಲ್ಲುವವನು ಅಲ್ಲಿನ ಸಿಬ್ಬಂದಿ. ಹಾವು ನುಂಗಿದ ಮೇಲೆ ಆತ ನೀರಿನ ಬಟ್ಟಲು ತೊಳೆದು ತುಂಬಿಸಿ, ದಿನಾಂಕ ಬರೆದುಕೊಂಡು, ಬಾಗಿಲು ಹಾಕುತ್ತಾನೆ.